ತೋಳಿನ ಮೇಲೆ ಕಲೆ ಇಲ್ಲ ಅಂದ್ರೆ ಲಸಿಕೆ ಹಿಡಿದಿಲ್ವಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಎಡತೋಳಲ್ಲಿ ಒಂದು ಪುಟ್ಟ ಗುಂಡನೆ ಕಲೆ ಇದೆ, ಅರವತ್ತರ ನಮ್ಮಮ್ಮಂಗೆ ಎಂಟಾಣೆ ಅಗಲದ್ದು ಎರಡಿವೆ. ಆರು ತಿಂಗಳ ಮಗಳಿಗೆ ಏನೂ ಇಲ್ಲ! ಹುಟ್ಟಿದಾಗ ಬಿಸಿಜಿ, ಅಂದ್ರೆ ಕ್ಷಯದ ಲಸಿಕೆ, ಕೊಟ್ಟಿದ್ದು ಕಾರ್ಡಲ್ಲಿದೆ. ಕಲೆ ಬಂದಿಲ್ಲ ಅಂದ್ರೆ ಹಿಡಿದಿಲ್ಲ ಅಂತಾರೆ ಅತ್ತೆ. ಇನ್ನೊಂದ್ಸಲ ಹಾಕಿಸ್ಬೇಕಾ?
- ಓದುಗರೊಬ್ಬರು, ತಿಪಟೂರು

ಉತ್ತರ: ಬೇಡಮ್ಮ. ಕಾರ್ಡಲ್ಲಿ ಬರ್ದಿದ್ರೆ ಸಾಕು, ಕಲೆ ಬರ್ಲಿಲ್ಲ ಅಂತ ಮತ್ತೆ ಚುಚ್ಚಿಸ್ಬೇಕಿಲ್ಲ, ಕೆಲವು ಮಕ್ಕಳಿಗೆ ಕಲೆ ಬರೋದೇ ಇಲ್ಲ.

ಮಿಕ್ಕ ಇಂಜೆಕ್ಷನ್ನೆಲ್ಲ ಹೆಚ್ಚಾಗಿ ಆಳಕ್ಕೆ, ಮಾಂಸಖಂಡಕ್ಕೆ ಹೋಗುತ್ತೆ, ಬಿಸಿಜಿ ಹಾಗಲ್ಲ, ಸಣ್ಣ ಸೂಜೀನ ಹೆಚ್ಚುಕಮ್ಮಿ ಮಲಗಿಸಿ ಚರ್ಮದ ಪದರದೊಳಗೇ ಬಿಡ್ತಾರೆ, ಎಳೆಗೂಸಿಗೆ ಬರೀ 0.05 ಎಂಎಲ್, ಆಗ ಅಲ್ಲಿ ಕಿತ್ತಳೆ ಸಿಪ್ಪೆ ಥರ ಚುಕ್ಕೆಚುಕ್ಕೆಯಾಗಿ ಒಂದು ಬೊಬ್ಬೆ ಏಳುತ್ತೆ, ನೋಡಿರ್ತೀರಿ. ಅದರಲ್ಲಿರೋದು ಶಕ್ತಿ ಕುಂದಿಸಿದ, ಆದ್ರೆ ಜೀವ ಇರೋ ಬ್ಯಾಕ್ಟೀರಿಯಾ. ಅದನ್ನ ಮುತ್ತೋಕೆ ರಕ್ಷಣಾ ಕಣಗಳು ಬರ್ತಾವೆ, ಎರಡ್ಮೂರು ವಾರಕ್ಕೆ ಗಂಟಾಗಿ, ಕೀವಾಗಿ ಒಡೆಯುತ್ತೆ, ಒಣಗೋಕೆ ಎರಡ್ಮೂರು ತಿಂಗಳೇ ಹಿಡೀಬಹುದು. ಈ ಗಲಾಟೇಲಿ ಚರ್ಮದ ಒಳಪದರ ಸ್ವಲ್ಪ ಹಾಳಾಗುತ್ತೆ, ಆ ಜಾಗಕ್ಕೆ ದೇಹ ಕೊಲಾಜನ್ ಅನ್ನೋ ನಾರು ತುಂಬಿ ತೇಪೆ ಹಾಕುತ್ತೆ. ತೇಪೆ ತಾನೇ, ಹಳೇ ಚರ್ಮದ ಹಾಗೆ ಕಾಣಲ್ಲ, ಕೂದಲೂ ಹುಟ್ಟಲ್ಲ.

ಅಮ್ಮನದು ಬಹುಶಃ ಸಿಡುಬಿನ ದಾಕು, ಅಂದ್ರೆ ಸಿಡುಬಿನ ಲಸಿಕೆ ಕಲೆ. ಚರ್ಮಕ್ಕೆ ಲಸಿಕೆ ಹಚ್ಚಿ ಹಲ್ಲುಹಲ್ಲಾಗಿರೋ ಬಿಲ್ಲೆಯಂಥದನ್ನ ಒತ್ತಿ ತಿರುಗಿಸೋರು, ಆಮೇಲಾಮೇಲೆ ಕವಲು ಸೂಜೀಲಿ ಒಂದೇ ಜಾಗಕ್ಕೆ ಹದಿನೈದು ಸಲ ಚುಚ್ಚೋರು, ಅದೂ ಜೀವಂತ ವೈರಸ್ಸೇ, ಗಾಯ ದೊಡ್ಡದು, ಕಲೇನೂ ದೊಡ್ಡದು. ನಮ್ಮ ದೇಶದಲ್ಲಿ ಸಿಡುಬಿನ ಕೊನೇ ಕೇಸು 1975ರಲ್ಲಿ, ರೋಗ ಹೋದ್ಮೇಲೆ ದಾಕೂ ನಿಂತೋಯ್ತು. ಅದಕ್ಕೇ ನಿಮ್ಮ ತೋಳಲ್ಲಿ ಆ ದೊಡ್ಡ ಕಲೆ ಇಲ್ಲ, ಇರೋ ಪುಟ್ಟದು ಬಹುಶಃ ಬಿಸಿಜಿದು.

ಇನ್ನೊಂದು ಮಾತು, ಮುಂದೆ ಇನ್ಯಾವ ಮಗುವಿಗಾದ್ರೂ ಬಿಸಿಜಿ ಗಾಯ ಕೀವಾದ್ರೆ ಹಿಸುಕ್ಬೇಡಿ, ಅರಿಶಿನ, ಮುಲಾಮು ಯಾವುದೂ ಬೇಡ, ಸ್ನಾನ ಮಾಡಿಸ್ಬಹುದು. ಕಂಕುಳಲ್ಲಿ ಗಂಟು ದಪ್ಪ ಆಗ್ತಾ ಹೋದ್ರೆ ಮಾತ್ರ ಮಕ್ಕಳ ಡಾಕ್ಟ್ರಿಗೆ ತೋರ್ಸಿ. ಅತ್ತೆಗೆ ಬೇಕಾದ್ರೆ ಕಾರ್ಡನ್ನೇ ತೋರ್ಸಿ.