ಲಿಂಡಾ ರಾನ್‌ಸ್ಟಾಟ್: ಎಲ್ಲಿಂದ ಕೇಳಲು ಶುರು ಮಾಡಬೇಕು?

ನಮಸ್ಕಾರ. ‘ಅಮೆರಿಕದ ಗಾಯಕಿ ಲಿಂಡಾ ರಾನ್‌ಸ್ಟಾಟ್ ಹಾಡಿದ್ದು ಹೆಚ್ಚಾಗಿ ಬೇರೆಯವರ ಹಾಡುಗಳನ್ನೇ. ಮತ್ತೆ ಯಾಕಿಷ್ಟು ದೊಡ್ಡ ಹೆಸರು? ಎಲ್ಲಿಂದ ಶುರು ಮಾಡಲಿ?’ ಅಂತ ಕೇಳಿದ್ದೀರಿ. ಅವರು ಸ್ವತಃ ಬರೆದದ್ದು ತೀರಾ ಕಡಿಮೆ, ನಿಜ. ಆದರೆ ಎಸ್‌ಪಿಬಿ ಹಾಡು ಬರೆದರಾ ಅಂತ ನಾವು ಯಾವತ್ತೂ ಕೇಳಲಿಲ್ಲ, ಅಲ್ವಾ?

ಮೊದಲು ‘ಬ್ಲೂ ಬಯೂ’ ಕೇಳಿ. 1963ರಲ್ಲಿ ಬಂದ, ಅಮೆರಿಕದ ಗಾಯಕ ರಾಯ್ ಆರ್ಬಿಸನ್ ಅವರ ಹಾಡು. ಲಿಂಡಾ ಅದನ್ನು 1977ರಲ್ಲಿ ಹಾಡಿದರು. ಶುರುವಿನಲ್ಲಿ ದನಿ ತಗ್ಗಿಸಿ, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಹಾಡುತ್ತಾರೆ. ಪಲ್ಲವಿಗೆ ಬಂದಾಗ ಗಂಟಲು ಪೂರ್ತಿ ಬಿಚ್ಚುತ್ತಾರೆ. ಕೊನೆಯ ಸ್ವರ ಎಳೆಯಷ್ಟು ತೆಳುವಾಗಿ ಮೇಲೆ ಹೋಗಿ ನಿಲ್ಲುತ್ತದೆ. ಬಿಟ್ಟು ಬಂದ ಜಾಗಕ್ಕೆ ಮರಳುವ ಆಸೆ ಆ ಒಂದೇ ಸ್ವರದಲ್ಲಿದೆ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ.

ಆಮೇಲೆ 1983ರ ‘ವಾಟ್ಸ್ ನ್ಯೂ’ ಆಲ್ಬಂ. ರಾಕ್ ತಾರೆಯಾಗಿದ್ದಾಗಲೇ ಸಂಗೀತ ಸಂಯೋಜಕ ನೆಲ್ಸನ್ ರಿಡಲ್ ಅವರ ಆರ್ಕೆಸ್ಟ್ರಾ ಜೊತೆ ಹಳೇ ಜಾಝ್ ಹಾಡುಗಳನ್ನು ಹಾಡಿದರು.

ನನಗೆ ಜಾಸ್ತಿ ಇಷ್ಟ 1987ರ ‘ಟ್ರಿಯೊ’ ಆಲ್ಬಂ. ಗಾಯಕಿಯರಾದ ಡಾಲಿ ಪಾರ್ಟನ್, ಎಮಿಲೂ ಹ್ಯಾರಿಸ್ ಜೊತೆ ಮಾಡಿದ್ದು. ಅಷ್ಟು ದೊಡ್ಡ ದನಿ ಇಟ್ಟುಕೊಂಡೂ ಎಷ್ಟೋ ಕಡೆ ಲಿಂಡಾ ಹಿಂದೆ ನಿಂತು ಇನ್ನೊಬ್ಬರಿಗೆ ಆಸರೆ ಕೊಡುತ್ತಾರೆ. ಅದೇ ವರ್ಷ ಅಪ್ಪನ ಕಡೆಯ ಮೆಕ್ಸಿಕನ್ ಹಾಡುಗಳ ಸ್ಪ್ಯಾನಿಷ್ ಆಲ್ಬಂ ಕೂಡ ತಂದರು. ಭಾಷೆ ಬರದಿದ್ದರೂ ಪರವಾಗಿಲ್ಲ, ಸುಮ್ನೆ ಹಾಕಿಕೊಂಡು ಕೇಳಿ.

‘ಬ್ಲೂ ಬಯೂ’ ಕೇಳಿದ ಮೇಲೆ ಹೇಗನ್ನಿಸಿತು ಅಂತ ಖಂಡಿತ ಬರೆಯಿರಿ.