ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್‌ನಿಂದ ಝಟಕಾ ಬೇಲಿ ಬೇಡ. ಅದರಲ್ಲಿ ಉಳಿಸಿಕೊಳ್ಳಬೇಕಾದ ಭಾಗಗಳೇ ಬೇರೆ

ನಮ್ಮ ಗುಂಪಿನಲ್ಲಿ ಹಾವೇರಿ ಜಿಲ್ಲೆಯ ಗುತ್ತಲ ಕಡೆಯ ಸದಸ್ಯರು ನಿನ್ನೆ ಹಾಕಿದ ಫೋಟೊವನ್ನೂ ಅದರ ಕೆಳಗಿನ ಚರ್ಚೆಯನ್ನೂ ಪೂರ್ತಿ ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಗುಜರಿಯಲ್ಲಿ ಸಿಕ್ಕ ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ಗೋವಿನಜೋಳಕ್ಕೆ ನುಗ್ಗುವ ಹಂದಿ ಮತ್ತು ಕೃಷ್ಣಮೃಗಗಳನ್ನು ತಡೆಯಲು ಬೇಲಿಗೆ ಜೋಡಿಸುವುದು ಅವರ ಯೋಜನೆ. ‘ಅಂಗಡಿಯ ಝಟಕಾ ಮಷಿನ್ 8 ಸಾವಿರ ವೋಲ್ಟ್ ಕೊಡುತ್ತದೆ, ಇದು 2 ಸಾವಿರ ಮಾತ್ರ, ಆದ್ದರಿಂದ ಇದೇ ಸುರಕ್ಷಿತ’ ಎಂಬ ಅವರ ಮಾತಿಗೆ ಹಲವರು ಹೆಬ್ಬೆರಳು ತೋರಿಸಿದ್ದಾರೆ. ಇದೇ ಲೆಕ್ಕ ಒಂದು ಕಾಲದಲ್ಲಿ ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಶೆಡ್ಡಿನಲ್ಲೂ ನಡೆದಿತ್ತು. ಬೇಲಿಗೆ ವೈರು ಬೀಳುವ ಮೊದಲೇ ಒಬ್ಬ ಹಿರಿಯ ವೈಂಡಿಂಗ್ ಮೇಸ್ತ್ರಿ ಬೈದು ನಿಲ್ಲಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಈಗ ಆ ಬೈಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಬೇಲಿಯ ತಂತಿಗೆ ಕರೆಂಟಿನ ಹೊಡೆತ ಕೊಡುವ ಝಟಕಾ ಮಷಿನ್ನಿನಲ್ಲಿ ನೋಡಬೇಕಾದದ್ದು ವೋಲ್ಟ್ ಅಲ್ಲ, ಅದು ಎಷ್ಟು ಹೊತ್ತು ಇರುತ್ತದೆ ಎಂಬುದು. ಪ್ರಮಾಣಿತ ಮಷಿನ್ ಸೆಕೆಂಡಿಗೆ ಸುಮಾರು ಒಂದು ಸಲ, ಅದೂ 10 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಮಾತ್ರ ಹೊಡೆದು ಸುಮ್ಮನಾಗುತ್ತದೆ. ಒಂದು ಹೊಡೆತದ ಶಕ್ತಿಗೆ 5 ಜೂಲ್‌ಗಳ ಮಿತಿಯಿದೆ. ಮುಟ್ಟಿದ ಪ್ರಾಣಿಗೂ ಮನುಷ್ಯನಿಗೂ ಹಿಂದೆ ಸರಿಯಲು ನಡುವೆ ಸಮಯ ಸಿಗುತ್ತದೆ. ಓವನ್ನಿನ ಟ್ರಾನ್ಸ್‌ಫಾರ್ಮರ್ ಹಾಗಲ್ಲ. ಅದು 2 ಸಾವಿರ ವೋಲ್ಟನ್ನು 50 ಹರ್ಟ್ಸ್‌ನಲ್ಲಿ ಎಡೆಬಿಡದೆ, ಅರ್ಧ ಆಂಪಿಯರ್‌ಗಿಂತ ಹೆಚ್ಚು ಕರೆಂಟಿನೊಂದಿಗೆ ಹರಿಸುತ್ತಲೇ ಇರುತ್ತದೆ. ಎದೆಯ ಮೂಲಕ ಒಂದೆರಡು ಸೆಕೆಂಡು ಹರಿಯುವ 50–100 ಮಿಲಿಆಂಪಿಯರ್ ಹೃದಯದ ಲಯ ಕೆಡಿಸಲು ಸಾಕಾಗುವಾಗ, ಇಲ್ಲಿ ಅದರ ಹಲವು ಪಟ್ಟು ಕರೆಂಟು ಸಿದ್ಧವಾಗಿ ನಿಂತಿರುತ್ತದೆ. ಹಿಡಿದ ಕೈ ಬಿಡುವುದಿಲ್ಲ.

‘ಮನೆಯಲ್ಲಿ ಆರ್‌ಸಿಸಿಬಿ ಇದೆ, ಟ್ರಿಪ್ ಆಗುತ್ತದೆ’ ಎಂದು ಇನ್ನೊಬ್ಬರು ಬರೆದಿದ್ದಾರೆ. ಕರೆಂಟು ನೆಲಕ್ಕೆ ಸೋರಿದರೆ ಲೈನು ಕಡಿಯುವ ಸ್ವಿಚ್ಚು ಅದು. ಆಗುವುದಿಲ್ಲ. ಬೇಲಿ ಮುಟ್ಟಿದವನ ಮೈಯಿಂದ ನೆಲಕ್ಕಿಳಿದ ಕರೆಂಟು ಅರ್ಥಿಂಗ್ ಮೂಲಕ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ಕೋರ್‌ಗೆ, ಅಲ್ಲಿಂದ ಸೆಕೆಂಡರಿಯ, ಅಂದರೆ ಹೆಚ್ಚಿನ ವೋಲ್ಟ್ ಕೊಡುವ ಸುರುಳಿಯ, ಇನ್ನೊಂದು ತುದಿಗೆ ಮರಳುತ್ತದೆ, ಏಕೆಂದರೆ ಆ ತುದಿಯನ್ನು ಕೋರ್‌ಗೇ ಬೆಸೆದಿರುತ್ತಾರೆ. ಪ್ರೈಮರಿಯ, ಅಂದರೆ ಮನೆಯ ಕರೆಂಟು ಸೇರುವ ಸುರುಳಿಯ, ಕಡೆ ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್ಲಿನಲ್ಲಿ ಮರಳುವುದರಿಂದ ಆರ್‌ಸಿಸಿಬಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಲೋಡು ಮಿತಿ ಮೀರಿದಾಗ ಮಾತ್ರ ಬೀಳುವ ಎಂಸಿಬಿಗೆ ಅದು ಸಾಧಾರಣ ಲೋಡು. 100 ವ್ಯಾಟಿನ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿದರೆ ಸಾಕೆನ್ನುವವರು ಈ ಲೆಕ್ಕವನ್ನೂ ಮಾಡಬೇಕು: ಬಲ್ಬು ಬಿಡುವ ಕರೆಂಟು ಹೆಚ್ಚೆಂದರೆ 0.43 ಆಂಪಿಯರ್, ಟ್ರಾನ್ಸ್‌ಫಾರ್ಮರ್‌ನ ಅನುಪಾತ ಸುಮಾರು 9, ಅಂದರೆ ಬೇಲಿಯ ಕಡೆ 48 ಮಿಲಿಆಂಪಿಯರ್ ಆಸುಪಾಸಿನವರೆಗೂ ಸಾಧ್ಯ. ಮನುಷ್ಯನನ್ನು ಉಳಿಸಲೆಂದು ಆರ್‌ಸಿಸಿಬಿಗೆ ಇಟ್ಟಿರುವ ಮಿತಿಯೇ 30 ಮಿಲಿಆಂಪಿಯರ್. ಇನ್ನು ಕೃಷ್ಣಮೃಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ. ರಾಣೆಬೆನ್ನೂರಿನ ಅಭಯಾರಣ್ಯ ಪಕ್ಕದಲ್ಲೇ ಇರುವ ನಿಮಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ರಾತ್ರಿ ನೀರು ಹಾಯಿಸಲು ಬಂದ ಪಕ್ಕದ ಹೊಲದವರು ಬೇಲಿಯಲ್ಲಿ ಸಿಕ್ಕರೆ ಅದು ಪೊಲೀಸ್ ಠಾಣೆಯ ವಿಷಯವಾಗುತ್ತದೆ. ಐಎಸ್‌ಐ ಗುರುತಿರುವ, ಬ್ಯಾಟರಿ ಮೇಲೆ ನಡೆಯುವ ಸೋಲಾರ್ ಝಟಕಾ ಮಷಿನ್ ಕೊಳ್ಳಿ, ಅದರ ಅರ್ಥಿಂಗ್ ಗೂಟಗಳ ಬಗ್ಗೆ ಜಿಪುಣತನ ಮಾಡಬೇಡಿ. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಗೂಟಕ್ಕೂ ಮಣ್ಣಿಗೂ ಸಂಪರ್ಕ ತಪ್ಪುತ್ತದೆ. ‘ಮಷಿನ್ ಸರಿಯಿಲ್ಲ’ ಎನ್ನುವವರಲ್ಲಿ ಹೆಚ್ಚಿನವರ ದೂರಿಗೆ ಕಾರಣ ಅಷ್ಟೇ. ಒಂದರ ಬದಲು ಮೂರು ಗೂಟ ಹೊಡೆದು, ತಿಂಗಳಿಗೊಮ್ಮೆ ಬುಡಕ್ಕೆ ಒಂದು ಕೊಡ ನೀರು ಹಾಕಿ.

ಈಗ ಆ ಓವನ್ನಿನ ವಿಷಯ. ಬಿಚ್ಚುವವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಕೈ ಹಾಕುವುದೇ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇರುವ ಜಾಗಕ್ಕೆ. ಒಂದು ಮೈಕ್ರೋಫ್ಯಾರಡ್ ಆಸುಪಾಸಿನ ಆ ಡಬ್ಬಿ 2,800 ವೋಲ್ಟ್ ತುಂಬಿಕೊಂಡಾಗ ಅದರಲ್ಲಿ ಸುಮಾರು 4 ಜೂಲ್ ಶಕ್ತಿ ಕುಳಿತಿರುತ್ತದೆ. ಒಳಗಿನ 10 ಮೆಗಾ ಓಮ್ ರೆಸಿಸ್ಟರ್ ಚೆನ್ನಾಗಿದ್ದರೆ ಒಂದೆರಡು ನಿಮಿಷದಲ್ಲಿ ಎಲ್ಲ ಖಾಲಿಯಾಗುತ್ತದೆ, ಆದರೆ ಅದು ಸುಟ್ಟು ಹೋಗಿದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲ, ಮತ್ತು ಗುಜರಿಗೆ ಬಂದ ಓವನ್ ಯಾವುದೋ ಭಾಗ ಕೆಟ್ಟೇ ಬಂದಿರುತ್ತದೆ. ಪ್ಲಗ್ ಕಿತ್ತು, ಐದು ನಿಮಿಷ ಕಾದು, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಓವನ್ನಿನ ಲೋಹದ ಬಾಡಿಗೆ ಮೊದಲು ಕ್ಲಿಪ್ ಸಿಕ್ಕಿಸಿದ ರೆಸಿಸ್ಟರ್ ಸರವನ್ನು ಉದ್ದ ಹಿಡಿಯ ಕಡ್ಡಿಯಿಂದ ಎರಡೂ ಟರ್ಮಿನಲ್‌ಗಳಿಗೆ ಒಂದಾದ ಮೇಲೊಂದರಂತೆ ಮುಟ್ಟಿಸಿ. ಆಮೇಲೆ ಎರಡು ಟರ್ಮಿನಲ್‌ಗಳ ನಡುವೆ ವೈರು ಕಟ್ಟಿ ಹಾಗೆಯೇ ಬಿಡಿ. ಅಂಗಡಿಯ ಅಗ್ಗದ ಹಳದಿ ಮಲ್ಟಿಮೀಟರಿನಿಂದ ಇದನ್ನು ಅಳೆಯಲು ಹೋಗಬೇಡಿ. ಒಳ್ಳೆಯ ಮೀಟರುಗಳ ಮಿತಿಯೂ ಸಾಮಾನ್ಯವಾಗಿ 1,000 ವೋಲ್ಟ್. ಅದರಾಚೆ ಪ್ರೋಬಿನ ವೈರೇ ಕೈಯೊಳಗೆ ಸಿಡಿಯಬಹುದು. ‘ಕೆಪಾಸಿಟರ್ ತೆಗೆದುಬಿಟ್ಟರೆ ಅಪಾಯ ಮುಗಿಯಿತು’ ಎಂಬ ಮಾತನ್ನಂತೂ ಈ ಗುಂಪಿನಲ್ಲಿ ಮತ್ತೆ ಯಾರೂ ಬರೆಯಬಾರದು. ಕೆಪಾಸಿಟರ್ ಒಂದು ಸಲ ಹೊಡೆದು ಸುಮ್ಮನಾಗುತ್ತದೆ, ಪ್ಲಗ್ ಹಾಕಿದ ಟ್ರಾನ್ಸ್‌ಫಾರ್ಮರ್ ಸುಮ್ಮನಾಗುವುದೇ ಇಲ್ಲ. ಹಲಗೆಯ ಮೇಲೆ ಮಿಂಚಿನ ಕವಲುಗಳಂತೆ ಚಿತ್ತಾರ ಸುಡುವ ವಿಡಿಯೊಗಳಲ್ಲಿ ಬಳಸುವುದೂ ಇದನ್ನೇ. ಆ ಚಟಕ್ಕೆ ಬಲಿಯಾದವರು ಎಷ್ಟೋ ಜನರಿರುವುದರಿಂದ ಅಮೆರಿಕದ, ಲೇತ್‌ನಲ್ಲಿ ಮರ ಕಡೆಯುವವರ ಸಂಘವೇ ತನ್ನ ಕಾರ್ಯಕ್ರಮಗಳಲ್ಲಿ ಅದನ್ನು ನಿಷೇಧಿಸಿದೆ.

ಹಾಗಾದರೆ ಆ ನಾಲ್ಕೈದು ಕಿಲೋ ಕಬ್ಬಿಣ ಯಾವ ಕೆಲಸಕ್ಕೂ ಬಾರದೇ ಎಂದರೆ, ಬರುತ್ತದೆ, ಸೆಕೆಂಡರಿಯನ್ನು ಕತ್ತರಿಸಿ ಎಸೆದ ಮೇಲೆ. ನಮ್ಮ ಶೆಡ್ಡಿನಲ್ಲಿ ವರ್ಷಗಳಿಂದ ನಡೆಯುತ್ತಿರುವ, ತಗಡುಗಳನ್ನು ಚುಕ್ಕೆಯಷ್ಟು ಜಾಗದಲ್ಲಿ ಬೆಸೆಯುವ ಸ್ಪಾಟ್ ವೆಲ್ಡರ್ ಇದರದ್ದೇ. ತೆಳು ವೈರಿನ ಸಾವಿರಾರು ಸುತ್ತುಗಳಿರುವ ಸುರುಳಿಯೇ ಸೆಕೆಂಡರಿ. ಹ್ಯಾಕ್‌ಸಾದಿಂದ ಕೋರಿಗೆ ಸಮನಾಗಿ ಅದನ್ನು ಎರಡೂ ಕಡೆ ಕೊಯ್ದು, ಮರದ ತುಂಡಿಟ್ಟು ಸುತ್ತಿಗೆಯಿಂದ ಹೊರಗೆ ಹೊಡೆಯಬೇಕು. ಗ್ರೈಂಡರ್ ಬೇಡ, ಅದು ಕ್ಷಣಾರ್ಧದಲ್ಲಿ ಪ್ರೈಮರಿ ವೈರಿನ ಇನಾಮೆಲ್ ಹೊದಿಕೆಯನ್ನು ಕೆರೆದುಬಿಡುತ್ತದೆ, ಕೆರೆದದ್ದು ಗೊತ್ತಾಗುವುದು ಕರೆಂಟು ಕೊಟ್ಟಾಗಲೇ. ಎರಡು ಸುರುಳಿಗಳ ನಡುವೆ ತಗಡಿನ ಚಿಕ್ಕ ಕಟ್ಟುಗಳು, ಅಂದರೆ ಶಂಟ್‌ಗಳು, ಇರುತ್ತವೆ. ವೆಲ್ಡರ್‌ಗೆ ಅವನ್ನೂ ತೆಗೆಯಬೇಕು. ಮ್ಯಾಗ್ನೆಟ್ರಾನ್‌ನ (ಮೈಕ್ರೋವೇವ್ ಹುಟ್ಟಿಸುವ ಭಾಗದ) ಫಿಲಮೆಂಟನ್ನು ಕಾಯಿಸುವ ಎರಡು ಮೂರು ಸುತ್ತಿನ ವೈರನ್ನೂ ತೆಗೆಯಿರಿ.

ಖಾಲಿಯಾದ ಜಾಗದಲ್ಲಿ 50 ಚದರ ಮಿಲಿಮೀಟರಿನ ವೆಲ್ಡಿಂಗ್ ಕೇಬಲ್ ಎರಡು ಸುತ್ತು. ಸುತ್ತಿಗೆ ಸುಮಾರು ಒಂದು ವೋಲ್ಟ್ ಬರುತ್ತದೆ, ಒಟ್ಟು ಎರಡು ವೋಲ್ಟ್ ಸಾಕು, ಕರೆಂಟು ನೂರಾರು ಆಂಪಿಯರ್. ಮನೆ ವೈರಿಂಗಿನ ವೈರನ್ನು ನಾಲ್ಕೈದು ಎಳೆ ಸೇರಿಸಿ ಸುತ್ತಿದರೆ ಆಗದೇ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಆಗುವುದಿಲ್ಲ, ಹೊದಿಕೆ ಕರಗಿ ವಾಸನೆ ಬರುತ್ತದೆ, ತಗಡು ಮಾತ್ರ ಅಂಟುವುದಿಲ್ಲ. ತಾಮ್ರ ಎಂದು ಬರೆದ ಕೇಬಲ್ಲನ್ನೂ ತುದಿ ಕೆರೆದು ನೋಡಿಯೇ ಕೊಳ್ಳಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಮಾರುಕಟ್ಟೆಯಲ್ಲಿ ಧಾರಾಳವಾಗಿದೆ. ಕೇಬಲ್ ಆದಷ್ಟು ಗಿಡ್ಡವಿರಲಿ, ಕೇಬಲ್ ತುದಿಯ ಲೋಹದ ಲಗ್ಗುಗಳನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿಸಿ. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಲಗ್ಗು ತಗಡಿಗಿಂತ ಮೊದಲು ತಾನೇ ಕೆಂಪಗಾಗುತ್ತದೆ. ತಗಡನ್ನು ಒತ್ತುವ ಮೊನೆಗೆ 8 ಅಥವಾ 10 ಮಿಲಿಮೀಟರಿನ ತಾಮ್ರದ ಸರಳು, ತುದಿಯನ್ನು 4 ಮಿಲಿಮೀಟರಿಗೆ ಅರದಿಂದ ಉಜ್ಜಿದ್ದು. ಬೆಸುಗೆ ಸರಿಯಾಗಿ ಬಿದ್ದಿದೆಯೇ ಎಂದು ನೋಡಲು ಎರಡು ಪಟ್ಟಿಗಳನ್ನು ಇಕ್ಕಳದಿಂದ ತಿರುಚಿ ಕಿತ್ತು ನೋಡಿ: ಒಂದು ಪಟ್ಟಿಯಲ್ಲಿ ತೂತು ಉಳಿದು ಇನ್ನೊಂದರಲ್ಲಿ ಗುಂಡಿಯಂತೆ ಲೋಹ ಅಂಟಿಕೊಂಡು ಬಂದರೆ ಅದು ಬೆಸುಗೆ, ನೀಲಿ ಕಲೆ ಮಾತ್ರ ಉಳಿದು ಎರಡೂ ಬಿಟ್ಟುಕೊಂಡರೆ ಒತ್ತಡವೋ ಸಮಯವೋ ಕಡಿಮೆಯಾಗಿದೆ.

ಸ್ವಿಚ್ಚು ಪ್ರೈಮರಿಯ ಕಡೆ ಇರಬೇಕು, ಅದೂ ಕಾಲು ತೆಗೆದ ಕೂಡಲೇ ಬಿಡುವಂಥದ್ದು. ಈ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಕಬ್ಬಿಣವನ್ನು ಜಿಪುಣತನದಿಂದ ಹಾಕಿರುವುದರಿಂದ ಲೋಡ್ ಇಲ್ಲದಿದ್ದರೂ ಒಂದೆರಡು ಆಂಪಿಯರ್ ಎಳೆದು ಬಿಸಿಯಾಗುತ್ತವೆ; ಇದನ್ನೇ ಮತ್ತೆ ಸುತ್ತಿ ಬ್ಯಾಟರಿ ಚಾರ್ಜರ್ ಮಾಡುವೆನೆನ್ನುವವರು ಆ ಆಸೆ ಬಿಡುವುದು ಒಳ್ಳೆಯದು. ಎರಡು ವೋಲ್ಟ್ ಕೈಗೆ ಏನೂ ಮಾಡದು ನಿಜ, ಆದರೆ ಪ್ರೈಮರಿಯಲ್ಲಿ ಇನ್ನೂ 230 ವೋಲ್ಟ್ ಇದೆ. ಓವನ್ನಿನ ಬಾಡಿಯಿಂದ ಬಿಚ್ಚಿದಾಗ ಕೋರಿನ ಅರ್ಥಿಂಗ್ ಹೋಗಿರುತ್ತದೆ, ಅದನ್ನು ಮತ್ತೆ ಮಾಡಲೇಬೇಕು. ಅರ್ಧ ಮಿಲಿಮೀಟರ್ ಆಸುಪಾಸಿನ ಎರಡು ಕಬ್ಬಿಣದ ತಗಡು, ಕೋಳಿ ಗೂಡಿನ ಜಾಲರಿ, ಒಣಗಿಸುವ ತಟ್ಟೆಯ ಅಂಚು ಇವೆಲ್ಲ ಚೆನ್ನಾಗಿ ಅಂಟುತ್ತವೆ. ತಾಮ್ರ, ಅಲ್ಯೂಮಿನಿಯಂ ಅಂಟುವುದಿಲ್ಲ. ಸತು ಲೇಪಿಸಿದ ಜಿಐ ತಗಡು ಅಂಟಿದರೂ ಸತುವಿನ ಹೊಗೆ ಬರುತ್ತದೆ, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಮಾಡಿ. ಲಿಥಿಯಂ ಸೆಲ್ಲುಗಳನ್ನು ಇದರಿಂದ ಜೋಡಿಸಲು ಹೋಗಬೇಡಿ. ಅವಕ್ಕೆ ಬೇಕಾದದ್ದು ಮಿಲಿಸೆಕೆಂಡುಗಳ ಹೊಡೆತ, ಕಾಲಿನ ಅಂದಾಜು ಅಷ್ಟು ಸೂಕ್ಷ್ಮವಲ್ಲ. ಹಳ್ಳಿಯಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ ಕುಸಿದು ಬೆಸುಗೆ ಹುಸಿಯಾಗುತ್ತದೆ, ನಿನ್ನೆ ಸರಿಯಿದ್ದ ವೆಲ್ಡರ್ ಇಂದು ಕೆಟ್ಟಿತೆಂದು ಬಿಚ್ಚುವ ಮೊದಲು ಹೆಸ್ಕಾಂ ಎಷ್ಟು ವೋಲ್ಟ್ ಕೊಡುತ್ತಿದೆ ಎಂದು ಅಳೆಯಿರಿ.

ಮ್ಯಾಗ್ನೆಟ್ರಾನ್‌ನಲ್ಲಿ ಉಪಯೋಗಕ್ಕೆ ಬರುವುದು ಎರಡು ಉಂಗುರದ ಅಯಸ್ಕಾಂತಗಳು ಮಾತ್ರ. ತಗಡಿನ ಚೌಕಟ್ಟು ಬಿಚ್ಚಿ ಅವನ್ನು ತೆಗೆದುಕೊಳ್ಳಿ, ಒಳಗಿನ ಪಿಂಗಾಣಿ ಭಾಗವನ್ನು ಒಡೆಯಬೇಡಿ, ಉಜ್ಜಬೇಡಿ. ಕೆಲವು ಮ್ಯಾಗ್ನೆಟ್ರಾನ್‌ಗಳ ಪಿಂಗಾಣಿಯಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಅದರ ಪುಡಿ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ, ಯಾವುದರಲ್ಲಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಪೆಟ್ಟಿಗೆಯ ಹೊರಗೆ ಅದನ್ನು ಚಾಲೂ ಮಾಡುವ ವಿಚಾರ ಯಾರ ತಲೆಯಲ್ಲೂ ಬರದಿರಲಿ. ಕಣ್ಣಿನ ಮಸೂರಕ್ಕೆ ರಕ್ತಸಂಚಾರವಿಲ್ಲದ ಕಾರಣ ಅಲ್ಲಿ ಸೇರಿದ ಬಿಸಿ ಬೇಗ ಇಳಿಯುವುದಿಲ್ಲ, ಪೊರೆ ಬರುತ್ತದೆ.

ನಿಜಕ್ಕೂ ಚಿನ್ನದಂಥ ಭಾಗವೆಂದರೆ ತಟ್ಟೆ ತಿರುಗಿಸುವ ಪುಟ್ಟ ಮೋಟಾರು. ನಿಮಿಷಕ್ಕೆ ಐದಾರು ಸುತ್ತು ತಿರುಗುವ ಇದು ಮೂರು ನಾಲ್ಕು ವ್ಯಾಟ್ ಮಾತ್ರ ತಿನ್ನುತ್ತದೆ. ಅದರ ಬೆನ್ನ ಮೇಲಿನ ಅಕ್ಷರ ಓದದೆ ಮನೆಯ ಕರೆಂಟಿಗೆ ಹಚ್ಚಬೇಡಿ. ಕೆಲವು 230 ವೋಲ್ಟಿನವು, ಇನ್ನು ಕೆಲವು 21 ಅಥವಾ 30 ವೋಲ್ಟ್ ಎಸಿಯವು, ಎರಡನೆಯ ಬಗೆ ಕ್ಷಣದಲ್ಲಿ ಸುಡುತ್ತದೆ. ಚಾಲೂ ಮಾಡಿದಾಗ ಯಾವ ಕಡೆ ತಿರುಗೀತೆಂಬ ಖಾತ್ರಿಯೂ ಇಲ್ಲ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಆದ್ದರಿಂದ ದಿಕ್ಕಿನ ಹಂಗಿಲ್ಲದ ಕೆಲಸಕ್ಕೆ ಹಾಕಬೇಕು, ಅಂಥ ಕೆಲಸಗಳಲ್ಲಿ ಮೊಟ್ಟೆ ಮರಿ ಮಾಡುವ ಪೆಟ್ಟಿಗೆಯದು ಮೊದಲನೆಯದು. ಮೋಟಾರಿನ ಮೊನೆಗೆ ಒಂದು ಕ್ರ್ಯಾಂಕ್ ಪಟ್ಟಿ ಕೂರಿಸಿ ಟ್ರೇಯನ್ನು ಓಲಾಡುವಂತೆ ಜೋಡಿಸಿದರೆ ಯಾವ ಕಡೆ ತಿರುಗಿದರೂ ಮೊಟ್ಟೆ ಮಗ್ಗುಲು ಬದಲಿಸುತ್ತದೆ. ಟೈಮರ್ ಇಟ್ಟು ಗಂಟೆಗೊಮ್ಮೆ ಓಡಿಸಿ, ಕೋಳಿ ಮೊಟ್ಟೆಯಾದರೆ 18ನೇ ದಿನ ನಿಲ್ಲಿಸಿ.

ಬಾಗಿಲಿನ ಮೂರು ಮೈಕ್ರೋಸ್ವಿಚ್‌ಗಳು 16 ಆಂಪಿಯರ್‌ನವು. ಓಮ್ರಾನ್ ಎಂದು ಬರೆದಿದ್ದರೆ ಕಣ್ಣು ಮುಚ್ಚಿ ತೆಗೆದಿಡಿ. ಅವುಗಳಲ್ಲಿ ಒಂದು ಮಾತ್ರ ಉಲ್ಟಾ ಕೆಲಸದ್ದು, ಬಾಗಿಲು ಹಾಕಿದಾಗ ಬಿಡುವಂಥದ್ದು, ಉಳಿದೆರಡು ಕೈಕೊಟ್ಟಾಗ ಶಾರ್ಟ್ ಮಾಡಿ ಫ್ಯೂಸ್ ಹಾರಿಸಲು ಇಟ್ಟದ್ದು. ಮೀಟರಿನಲ್ಲಿ ನೋಡಿ ಗುರುತು ಹಾಕಿಕೊಳ್ಳಿ. ಫ್ಯಾನು, ಫಿಲ್ಟರ್ ಬೋರ್ಡು, ಬಿಸಿ ಮಿತಿ ಮೀರಿದರೆ ಕರೆಂಟು ಕಡಿಯುವ ಗುಂಡು ಬಿಲ್ಲೆಯಂಥ ಥರ್ಮಲ್ ಕಟ್‌ಔಟ್ ಇವನ್ನೂ ಇಡಬಹುದು. ಮೆಣಸಿನಕಾಯಿ ಒಣಗಿಸುವ ಪೆಟ್ಟಿಗೆಗೆ ಈ ಕಟ್‌ಔಟ್ ಹಾಕುವವರು ಅದರ ಮೇಲಿನ ಡಿಗ್ರಿಯನ್ನು ಓದಿ ಹಾಕಲಿ, ಅದನ್ನು ಥರ್ಮೋಸ್ಟಾಟ್ ಎಂದು ತಿಳಿದು ದಿನವಿಡೀ ಬಿಡಿಸಿ ಕೂಡಿಸುವ ಕೆಲಸಕ್ಕೆ ಹಚ್ಚುವುದು ಬೇಡ.

ಪ್ಯಾನಾಸಾನಿಕ್‌ನ ಇನ್ವರ್ಟರ್ ಮಾದರಿಗಳಲ್ಲಿ ಈ ಭಾರದ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ, ಒಂದು ಬೋರ್ಡು ಮಾತ್ರ. ವೆಲ್ಡರ್ ಆಸೆಯಿಂದ ಗುಜರಿಯಲ್ಲಿ ಕೊಳ್ಳುವವರು ಮೊದಲು ಓವನ್ನನ್ನು ಎತ್ತಿ ತೂಕ ನೋಡಿ, ಬಲ ಪಕ್ಕ ಭಾರವಿಲ್ಲದಿದ್ದರೆ ಬಿಟ್ಟುಬಿಡಿ. ಗುತ್ತಲದವರು ತಟ್ಟೆ ಮೋಟಾರಿನ ಲೇಬಲ್ ಓದುವಂತೆ ಒಂದು ಫೋಟೊ ಹಾಕಲಿ, ಎಷ್ಟು ವೋಲ್ಟಿನದೆಂದು ನೋಡಿ ಹೇಳುತ್ತೇನೆ.