ಘಾಟಿಯಲ್ಲಿ ಇಂಜಿನ್ ಆಫ್ ಆದರೆ ಏನು ಮಾಡಬೇಕು, ಯಾರಿಗೆ ದೂರು ಕೊಡಬೇಕು?

ಉಡುಪಿಯಿಂದ ಬೆಂಗಳೂರಿಗೆ ಹೋಗುವಾಗ ನಿಮ್ಮ ಹೊಸ ಪೆಟ್ರೋಲ್ ಕಾರು ಶಿರಾಡಿ ಘಾಟಿಯಲ್ಲಿ ಎರಡು ಸಲ ತಾನಾಗಿ ಆಫ್ ಆಯಿತು, ಸರ್ವಿಸ್ ಸೆಂಟರ್‌ನವರು ಏನೂ ತೊಂದರೆ ಇಲ್ಲ ಎಂದು ಕಳಿಸಿದರು ಅಂತ ಬರೆದಿದ್ದೀರಿ.

ಮೊದಲು ಜೀವದ ಮಾತು. ಇಂಜಿನ್ ನಿಂತ ಕೂಡಲೇ ಬ್ರೇಕ್ ಹೋಗುವುದಿಲ್ಲ. ಬ್ರೇಕ್ ಪೆಡಲನ್ನು ಹಗುರವಾಗಿಸುವ ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಸಲ ಒತ್ತುವಷ್ಟಕ್ಕೆ ಸಾಕು, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಆದ್ದರಿಂದ ಬಿಟ್ಟು ಬಿಟ್ಟು ತುಳಿಯಬೇಡಿ, ಒಂದೇ ಸಮ ಒತ್ತಿ ಹಿಡಿಯಿರಿ. ಸ್ಟೇರಿಂಗ್ ಭಾರವಾದರೂ ತಿರುಗುತ್ತದೆ. ಗಾಡಿ ಪೂರ್ತಿ ನಿಲ್ಲುವ ಮುಂಚೆ ಕೀ ಮಾತ್ರ ತೆಗೆಯಲೇಬೇಡಿ, ಸ್ಟೇರಿಂಗ್ ಲಾಕ್ ಆದೀತು. ಇದು ಸರಿಯಾಗುವವರೆಗೆ ದಯವಿಟ್ಟು ಆ ಕಾರಿನಲ್ಲಿ ಮನೆಯವರನ್ನು ಕರೆದುಕೊಂಡು ಘಾಟಿ ಹತ್ತಬೇಡಿ.

ದೂರಿಗೆ ಬಾಯಿಮಾತು ಸಾಲದು. ಸರ್ವಿಸ್ ಸೆಂಟರ್‌ನವರು ಗಾಡಿಯ ತೊಂದರೆ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ‘ಓಡುತ್ತಿರುವಾಗ ಇಂಜಿನ್ ಆಫ್’ ಎಂದೇ ಬರೆಸಿ. ‘ಜನರಲ್ ಚೆಕಪ್’ ಎಂದಿದ್ದರೆ ಸಹಿ ಹಾಕಬೇಡಿ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ತೋರಿಸುವ ಸ್ಕ್ಯಾನರ್ ರಿಪೋರ್ಟನ್ನೂ ಕೇಳಿ ಪಡೆಯಿರಿ. ನಂತರ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿಯ ಕಚೇರಿ ಯಾವ ಊರಲ್ಲಿದ್ದರೂ ಸರಿ. ಎರಡು ವರ್ಷದ ಗಡುವು ಮೀರಬೇಡಿ.